ಅದೇ ಬಲೆ, ಅಷ್ಟೇ ಉದ್ದ

ಹಿರೇಹಡಗಲಿ ಹತ್ತಿರದ ಜೋಳ ಕೊಯ್ದ ಹೊಲದಲ್ಲಿ ಗೊಬ್ಬರಕ್ಕೆಂದು ಅಪ್ಪ ಅಂದು ರಾತ್ರಿ ಕುರಿಗಳನ್ನು ಬಲೆಯೊಳಗೆ ಕೂಡಿ ತರುಬಬೇಕಿತ್ತು. ಅಣ್ಣನಿಗೆ ಜ್ವರ. ರಜೆಗೆ ಊರಿಗೆ ಬಂದಿದ್ದ ಗಣಿತದ ಮೇಷ್ಟ್ರಾದ ನಾನೇ ಗೂಟ ಹೊಡೆದು ಸುತ್ತ ಬಲೆ ಕಟ್ಟಿದೆ. ಬದುವಿನ ಗುಂಟ ಮಣ್ಣು ಮೆತ್ತಗಿತ್ತು, ಹಾಗಾಗಿ ಓಣಿಯಂತೆ ಉದ್ದಕ್ಕೆ ಕಟ್ಟಿದ್ದೆ.

ಹೊತ್ತು ಮುಳುಗುತ್ತಿತ್ತು. ಅರ್ಧ ಕುರಿ ಒಳಗೆ ಹೋಗುವಷ್ಟರಲ್ಲಿ ಜಾಗ ಮುಗಿಯಿತು. ಹಿಂದಿನವು ನುಗ್ಗಿದವು. ಮರಿಯೊಂದು ಕಾಲಡಿ ಸಿಕ್ಕು ಅರಚಿತು.

“ಲೇ ತಮ್ಮಾ, ಬಲಿ ಬಿಚ್ಚು,” ಅಂದ ಅಪ್ಪ.

ನನಗೆ ರೇಗಿತು. “ಬಿಚ್ಚಿ ಕಟ್ಟಿದ್ರ ಜಾಗ ಹೆಚ್ಚಾಗತೈತೇನು? ನಿನ್ನೆ ನೀನು ಹಾಕಿದ್ದೂ ಇದ ಬಲಿ. ಉದ್ದ ಅಷ್ಟ ಐತಿ, ಜಾಗಾನೂ ಅಷ್ಟ.”

ಅಪ್ಪ ಕುರಿಗಳ ಕಾಲಿನ ನಡುವೆ ಕೈ ಹಾಕಿದ. ಮರಿಯನ್ನು ಎಳೆದು ನನ್ನ ಕೈಗಿತ್ತ. ಗೂಟ ಕಿತ್ತು, ಅದೇ ಬಲೆಯನ್ನು ಹೊಲದ ನಡುವೆ ದುಂಡಗೆ ಎಳೆದು ಕಟ್ಟಿದ. ಕುರಿಗಳೆಲ್ಲ ಒಳಗೆ ಹೋದವು, ಮಲಗಲೂ ಜಾಗ ಉಳಿಯಿತು.

ಮರಿ ಇನ್ನೂ ನನ್ನ ಎದೆಗೊತ್ತಿ ನಡುಗುತ್ತಿತ್ತು.

ರಜೆಯ ಹಿಂದಿನ ದಿನ ಏಳನೇ ತರಗತಿಯ ಹುಡುಗಿಯೊಬ್ಬಳು, ಸುತ್ತಳತೆ ಒಂದೇ ಆದರೆ ವಿಸ್ತೀರ್ಣವೂ ಒಂದೇ ಅಂದಿದ್ದಳು. ಗಂಟೆ ಹೊಡೆಯುವವರೆಗೂ ಅವಳನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೆ.