ಎರಡನೆಯ ಪಾದ

ಕೋವಿಡ್ ಮುಗಿದು ಎರಡು ವರ್ಷವಾಗಿತ್ತು. ಮಗಳು ಕಾಲೇಜು ಸೇರಿದ ಮೇಲೆ ನಾನು ಮತ್ತೆ ಕೆಲಸ ಹಿಡಿದಿದ್ದೆ. ಕೃಷ್ಣರಾಜಪುರದ ಒಂದು ಚಿಕ್ಕ ಮೆಟೀರಿಯಲ್ ಟೆಸ್ಟಿಂಗ್ ಲ್ಯಾಬ್‌ಗೆ, ಬೆನ್ಸನ್ ಟೌನಿನ ನಮ್ಮ ಮನೆಯಿಂದಲೇ ಕಂಪ್ಯೂಟರ್ ಮಾಡೆಲ್ ಮಾಡಿಕೊಡುವ ಕೆಲಸ.

ಆ ಬೆಳಿಗ್ಗೆ ಎಲ್ಲ ದಿನದ ಹಾಗೆಯೇ ಇತ್ತು. ಹಾಲು ಉಕ್ಕುವ ಮೊದಲು ಉರಿ ತಗ್ಗಿಸಿದೆ. ಯಜಮಾನರ ಡಬ್ಬಿಗೆ ಚಪಾತಿ ಮಡಿಸಿಟ್ಟೆ. ಅಡುಗೆಮನೆಯ ಹೊರಗೆ, ಮಹಡಿಗೆ ಹೋಗುವ ಹಳೆಯ ಕಬ್ಬಿಣದ ಮೆಟ್ಟಿಲು ಕಿರ್ ಎಂದಿತು. ಸಬೀಹಾ ಇಳಿಯುತ್ತಿದ್ದಾಳೆ ಎಂದರೆ ನಾನು ಎರಡನೇ ಕಾಫಿ ಸೋಸುವ ಹೊತ್ತು. ಕಿಟಕಿಯಿಂದ ಅವಳ ಕೈ ಮಾತ್ರ ಕಂಡಿತು. ಅದು ಕಂಬಿ ಹಿಡಿದಿರಲಿಲ್ಲ, ದುಪಟ್ಟಾ ಸರಿಮಾಡಿಕೊಳ್ಳುತ್ತಿತ್ತು.

ಸಬೀಹಾ ಮಹಡಿಯ ಬಾಡಿಗೆಯವರ ಮಗಳು, ಕೃಷ್ಣರಾಜಪುರದ ಶಾಲೆಯೊಂದರಲ್ಲಿ ಟೀಚರ್. ಚಿಕ್ಕಂದಿನಲ್ಲಿ ಅಪಘಾತವಾಗಿ ಎಡಗಾಲು ಮೊಣಕಾಲಿನ ಕೆಳಗೆ ಹೋಗಿತ್ತು. ಶಿವಾಜಿನಗರದಲ್ಲಿ ಕೃತಕ ಕಾಲು ಮಾಡುವ ಅನ್ವರ್ ಭಾಯ್ ಅವಳಿಗಾಗಿ ಹೊಸದೊಂದು ಪಾದ ಮಾಡಿದ್ದರು. ಗಾಜಿನ ನಾರಿನ ಬಟ್ಟೆಯನ್ನು ಪದರದ ಮೇಲೆ ಪದರವಾಗಿ ರೆಸಿನ್‌ನಲ್ಲಿ ಅಂಟಿಸಿದ, ಹೆಜ್ಜೆಗೆ ಸ್ಪ್ರಿಂಗಿನಂತೆ ಪುಟಿಯುವ ಪಾದ. ಒಂದೇ ಅಚ್ಚಿನಲ್ಲಿ ಎರಡು ಮಾಡಿದ್ದರು.

ಮೊದಲನೆಯದು ಲ್ಯಾಬಿಗೆ ಬಂತು. ಅದಕ್ಕೆ ಫಟೀಗ್ ಪರೀಕ್ಷೆ, ಅಂದರೆ ಒಂದೇ ಏಟಿಗೆ ಮುರಿಯದಷ್ಟು ಭಾರವನ್ನು ನಡಿಗೆಯಂತೆ ಹಿಮ್ಮಡಿಗೊಮ್ಮೆ ಬೆರಳಿಗೊಮ್ಮೆ ಯಂತ್ರದಿಂದ ಒತ್ತಿಸುತ್ತಲೇ ಇರುವುದು. ಅದೇ ಪಾದವನ್ನು ನಾನು ಕಂಪ್ಯೂಟರಿನಲ್ಲಿ ಸಾವಿರಾರು ಚೂರು ಮಾಡಿ, ಪ್ರತಿ ಚೂರು ಎಷ್ಟು ಬಾಗುತ್ತದೆಂದು ಲೆಕ್ಕ ಹಾಕಿದ್ದೆ. ವರ್ಷಗಟ್ಟಲೆ ಬಾಳುತ್ತದೆ ಎಂದಿತ್ತು ಮಾಡೆಲ್. ಎರಡನೆಯ ಪಾದ ಪರೀಕ್ಷೆ ಮುಗಿಯುವವರೆಗೆ ಕಪಾಟಿನಲ್ಲಿರಬೇಕಿತ್ತು. ಆದರೆ ಮಾಡೆಲ್ ನೋಡಿ ಎಲ್ಲರಿಗೂ ಧೈರ್ಯ ಬಂದಿತ್ತು, ಸಬೀಹಾಗೆ ಎಲ್ಲರಿಗಿಂತ ಹೆಚ್ಚು. ಅವಳು ಅದನ್ನು ಹಾಕಿಕೊಂಡೇ ಶಾಲೆಗೆ ಹೋಗಿಬರುತ್ತಿದ್ದಳು.

ಕಾಫಿ ಲೋಟ ತೊಳೆಯುತ್ತಿದ್ದಾಗ ಲ್ಯಾಬಿನ ಟೆಕ್ನಿಷಿಯನ್ ಮುನಿರಾಜು ಫೋನ್ ಮಾಡಿದ.

"ಮೇಡಂ, ಪಾದ ಹೋಯ್ತು. ಬೋಲ್ಟ್ ಹತ್ರ ಪದರ ಬಿಟ್ಕೊಂಡು ಎರಡಾಗಿದೆ."

ಯಂತ್ರ ಅಲ್ಲಿಯವರೆಗೆ ಒತ್ತಿದ್ದು ಕೆಲವೇ ವಾರಗಳ ನಡಿಗೆಯಷ್ಟು. ಸಬೀಹಾ ಆಗಲೇ ಹೆಚ್ಚುಕಡಿಮೆ ಅಷ್ಟೇ ನಡೆದಿದ್ದಳು.

ಮುನಿರಾಜು ಕಳಿಸಿದ ಫೋಟೋದಲ್ಲಿ, ಪಾದವನ್ನು ಕಾಲಿಗೆ ಬಿಗಿಯುವ ಬೋಲ್ಟಿನ ತೂತಿನ ಅಂಚು ಹರಿದ ಬಟ್ಟೆಯಂತೆ ಎಳೆ ಎಳೆಯಾಗಿತ್ತು. ನನ್ನ ನಕ್ಷೆಯಲ್ಲಿ ತೂತು ಅಚ್ಚಿನಲ್ಲೇ ಮೂಡಿ ಬರಬೇಕಿತ್ತು. ಅನ್ವರ್ ಭಾಯ್‌ಗೆ ಫೋನ್ ಮಾಡಿದೆ.

"ಅಚ್ಚಲ್ಲೇ ತೂತು ಬಿಟ್ರೆ ಎಲ್ರ ಕಾಲಿಗೂ ಒಂದೇ ಜಾಗ ಆಗುತ್ತಲ್ಲಮ್ಮಾ. ಆ ಮಗು ಹೆಂಗೆ ನಿಲ್ತಾಳೆ ನೋಡಿ, ಆಮೇಲೆ ಡ್ರಿಲ್ ಹಾಕ್ದೆ," ಎಂದರು. ಯಾವುದಕ್ಕೆ ಎಂದು ಕೇಳಿದಾಗ, "ಎರಡಕ್ಕೂ," ಎಂದರು.

ಡ್ರಿಲ್ ಆಚೆ ಬದಿಗೆ ಹೊರಬೀಳುವಾಗ ಕೊನೆಯ ಪದರಗಳನ್ನು ತಳ್ಳಿಬಿಡುತ್ತದೆ. ಕಣ್ಣಿಗೆ ಕಾಣದ ಬಿರುಕು ಹೆಜ್ಜೆಹೆಜ್ಜೆಗೂ ಹರಡುತ್ತದೆ. ನನ್ನ ಮಾಡೆಲ್‌ನಲ್ಲಿ ಪದರಗಳು ಬಿಡುವುದು ಸಾಧ್ಯವೇ ಇರಲಿಲ್ಲ.

ಸಬೀಹಾ ಫೋನ್ ಎತ್ತಲಿಲ್ಲ. ಕಂಟೋನ್ಮೆಂಟಿನಿಂದ ಅವಳ ರೈಲು ಹೊರಟಾಗಿತ್ತು. ಕೃಷ್ಣರಾಜಪುರ ಸ್ಟೇಷನ್ನಿನ ಮೇಲ್ಸೇತುವೆ ನೆನಪಾಯಿತು. ಆ ಹೊತ್ತಿನ ಜನ, ಹಿಂದಿನಿಂದ ತಳ್ಳುವವರು, ಕಂಬಿ ಹಿಡಿಯದ ಕೈ. ಸ್ಟೇಷನ್ನಿಗೆ ಓಡು ಎಂದು ಮುನಿರಾಜುವಿಗೆ ಹೇಳಿ ಮಹಡಿ ಹತ್ತಿದೆ. ಸಬೀಹಾಳ ತಾಯಿಗೆ ವಿಷಯ ಹೇಳಿದೆ. ಅವರು ಅವಳ ಹಳೆಯ ಕೃತಕ ಕಾಲನ್ನು ಬೆಡ್‌ಶೀಟಿನಲ್ಲಿ ಸುತ್ತಿ ಕೊಟ್ಟರು.

ಆಟೋ ಹಲಸೂರಿನಲ್ಲಿ ನಿಂತೇಬಿಟ್ಟಿತು. ಬೆಡ್‌ಶೀಟಿನಿಂದ ಇಣುಕುತ್ತಿದ್ದ ಶೂವನ್ನು ಡ್ರೈವರ್ ಕನ್ನಡಿಯಲ್ಲಿ ನೋಡಿದ.

"ಯಾರ್ದು ಮೇಡಂ?"

"ನಮ್ಮ ಹುಡುಗೀದು."

ಆಮೇಲೆ ಅವನು ಹಾರನ್ನಿನಿಂದ ಕೈ ತೆಗೆಯಲಿಲ್ಲ. ಕಾನ್ವೆಂಟಿನಲ್ಲಿ ನಾನು ಕಲಿತ ಪ್ರಾರ್ಥನೆ ಅರ್ಧಕ್ಕೆ ಬಂದು ಮರೆತುಹೋಗುತ್ತಿತ್ತು. ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದೆ. ನಡುನಡುವೆ ಅವಳ ನಂಬರ್ ಒತ್ತುತ್ತಿದ್ದೆ. ರಿಂಗಾಗಿ ರಿಂಗಾಗಿ ನಿಲ್ಲುತ್ತಿತ್ತು.

ಕೊನೆಗೆ ಮುನಿರಾಜುವಿನ ಫೋನ್. "ಸಿಕ್ಕಿದ್ರು ಮೇಡಂ. ಸೇತುವೆ ಮೇಲೆ. ಇಳೀಬೇಡಿ ಅಂತ ಅಲ್ಲೇ ಕೂರ್ಸಿದೀನಿ. ಜನ ಇಬ್ರಿಗೂ ಬೈಕೊಂಡು ಹೋಗ್ತಿದಾರೆ."

ನಾನು ತಲುಪಿದಾಗ, ಸೇತುವೆಯಿಂದ ಇಳಿಯುವ ಮೆಟ್ಟಿಲಿನ ತುದಿಯಲ್ಲಿ, ಮಕ್ಕಳ ಪುಸ್ತಕದ ಚೀಲ ತಬ್ಬಿಕೊಂಡು ಅವಳು ಕೂತಿದ್ದಳು. ಶೂ ಬಿಚ್ಚಿ ಪಾದದ ಹೊದಿಕೆ ಸರಿಸಿದೆ. ಬೋಲ್ಟಿನ ಸುತ್ತ ಗಾಜಿನ ಪದರ ಬೆಳ್ಳಗಾಗಿ, ಆ ಬಿಳುಪು ಅಂಚಿನವರೆಗೂ ಹರಡಿತ್ತು. ಪದರಗಳು ಬಿಟ್ಟಿರುವ ಗುರುತು ಅದು. ಅವಳಿಗೂ ತೋರಿಸಿದೆ.

ಅವಳು ಆ ಬಿಳುಪಿನ ಮೇಲೆ ಬೆರಳಾಡಿಸಿದಳು. "ಆಂಟಿ, ನಿಮ್ಮ ಲ್ಯಾಪ್‌ಟಾಪಲ್ಲಿ ನಾನಿನ್ನೂ ನಡೀತಾನೇ ಇದೀನಾ?"

ಹೌದು ಎಂದೆ.

"ಹಂಗಾದ್ರೆ ಅಲ್ಲೇ ಇರ್ತೀನಿ ಬಿಡಿ."

ಹಳೆಯ ಕಾಲು ಹಾಕಿಕೊಂಡು, ಎರಡೂ ಕೈಯಲ್ಲಿ ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು ಇಳಿದಳು. ನಾನು ಹೊಸ ಪಾದವಿದ್ದ ಕಾಲನ್ನು ಬೆಡ್‌ಶೀಟಿನಲ್ಲಿ ಸುತ್ತಿ ಅವಳ ಹಿಂದೆ ಇಳಿದೆ. ಶಾಲೆಯ ಗೇಟಿನವರೆಗೂ ಅವಳು ನನ್ನ ಕಡೆ ತಿರುಗಲಿಲ್ಲ.

ಅಂದಿನಿಂದ ಯಾವ ಮಾಡೆಲ್ ಶುರುಮಾಡುವ ಮೊದಲೂ ಆ ವಸ್ತು ತಯಾರಾಗುವ ಜಾಗಕ್ಕೆ ಹೋಗಿ, ಕೊನೆಯ ತೂತು ಕೊರೆಯುವವರೆಗೂ ನಿಂತು ನೋಡುತ್ತೇನೆ. ಕಂಪ್ಯೂಟರ್ ನಾವು ಹೇಳಿದ ವಸ್ತುವಿನ ಬಗ್ಗೆ ಮಾತ್ರ ಉತ್ತರ ಕೊಡುತ್ತದೆ, ಮನುಷ್ಯ ನಡೆಯುವುದು ಬೇರೆಯದರ ಮೇಲೆ. ಈ ಕೆಲಸ ನನಗೆ ಕಲಿಸಿದ್ದು ಇದು ಎಂದು ಆ ಮಧ್ಯಾಹ್ನ ಅಂದುಕೊಂಡಿದ್ದೆ.

ಅದೇ ದಿನ ಸಂಜೆ ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಸಬೀಹಾ ಬಂದು ಮೆಲ್ಲಗೆ ಮಹಡಿ ಹತ್ತಿ ಹೋದಳು. ಪಕ್ಕದ ಮನೆಯ ಫಿಲೋಮಿನಾ ಆಂಟಿ ಕಾಂಪೌಂಡಿನ ಆಚೆ ಕರಿಬೇವು ಕೀಳುತ್ತಿದ್ದವರು ತಲೆ ಎತ್ತಿದರು.

"ಮೆಟ್ಲಿಗೆ ಎಣ್ಣೆ ಹಾಕಿಸಿದ್ರೇನ್ರೀ? ಒಂದು ವಾರದಿಂದ ಆ ಹುಡುಗಿ ಹತ್ತಿ ಇಳಿಯೋವಾಗ ಮಾತ್ರ ಕಿರ್ ಅಂತಿತ್ತು. ಇವತ್ತು ಸದ್ದೇ ಇಲ್ಲ."

ಮೆಟ್ಟಿಲಿಗೆ ಯಾರೂ ಎಣ್ಣೆ ಹಾಕಿರಲಿಲ್ಲ.