ನಾನಿದ್ದರೆ ಸೋಲು

ಪತ್ರಿಕೆಯ ಕ್ರೀಡಾಪುಟದಲ್ಲಿ ಅಂಕಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದುವವರ ಪುಟ್ಟ ಪಂಗಡವೊಂದು ಎಲ್ಲ ಊರುಗಳಲ್ಲೂ ಇರುತ್ತದೆ. ಮೊದಲ ಸ್ಥಾನದಲ್ಲಿ ಯಾರಿದ್ದಾರೆ ಎನ್ನುವುದು ನಮಗೆ ಬೇರೆ ಯಾವುದೋ ಗ್ರಹದ ಸಮಾಚಾರ. ನಮ್ಮ ದೃಷ್ಟಿ ನೇರವಾಗಿ ಪಾತಾಳಕ್ಕೆ ಇಳಿಯುತ್ತದೆ. ಕಟ್ಟಕಡೆಯ ಸಾಲಿನಲ್ಲಿ ನಮ್ಮವರ ಹೆಸರು ಕಾಣದಿದ್ದರೆ ಒಂದು ನಿಟ್ಟುಸಿರು, ಅದರ ಮೇಲಿನ ಸಾಲಿನಲ್ಲೂ ಕಾಣದಿದ್ದರೆ ಅಂದು ಹಬ್ಬ. ಈ ವರ್ಷದ ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ಹಬ್ಬಗಳು ವಿರಳವಾಗಿದ್ದವು. ಕೊನೆಯ ಎರಡು ತಂಡಗಳು ಕೆಳಗಿನ ಡಿವಿಜನ್ನಿಗೆ ಇಳಿಯಬೇಕೆಂಬುದು ಫುಟ್‌ಬಾಲ್ ಲೀಗಿನ ನಿಯಮ. ನಾವು ಆ ಎರಡರಲ್ಲಿ ಒಂದಾಗಿ, ಬಾಡಿಗೆಗೆ ಬಂದವರು ಕ್ರಮೇಣ ಮಾಲೀಕರಂತೆ ವರ್ತಿಸುವ ಹಾಗೆ, ಅಲ್ಲೇ ನೆಲೆಯೂರಿಬಿಟ್ಟಿದ್ದೆವು.

‘ನಾವು’ ಎಂದರೆ ಯಾರು ಎಂದು ನೀವು ಕೇಳಬಹುದು. ನಾನು ಧಾರವಾಡದವನು, ಜಾದವ್‌ಪುರದಲ್ಲಿ ಇತಿಹಾಸದ ಮೇಷ್ಟ್ರು. ಕೊಲ್ಕತ್ತೆಗೆ ಬಂದ ಹೊಸದರಲ್ಲಿ ಪ್ರತಿಯೊಬ್ಬರೂ ನನ್ನ ಹೆಸರು ಕೇಳಿದ ಮರುಕ್ಷಣವೇ, ಊರಿನ ಎರಡು ದೊಡ್ಡ ಕ್ಲಬ್ಬುಗಳಲ್ಲಿ ನಾನು ಯಾವ ಕಡೆಯವನು ಎಂದು ಕೇಳುತ್ತಿದ್ದರು. ತಟಸ್ಥ ಎಂದರೆ ಜಾತಿ ಮುಚ್ಚಿಡುತ್ತಿರುವವನನ್ನು ನೋಡುವಂತೆ ನೋಡುತ್ತಿದ್ದರು. ಗೆದ್ದ ದಿನ ಒಂದು ಕಡೆಯವರ ಮನೆಯಲ್ಲಿ ಇಲಿಶ್ ಮೀನು, ಇನ್ನೊಂದು ಕಡೆಯವರ ಮನೆಯಲ್ಲಿ ದೊಡ್ಡ ಸಿಗಡಿ ಬೇಯಬೇಕೆಂಬುದು ಇಲ್ಲಿಯ ಶಾಸ್ತ್ರ. ಹುಟ್ಟಾ ಸಸ್ಯಾಹಾರಿಯಾದ ನಾನು ಎರಡರ ಭಾರವನ್ನೂ ಹೊರಲಾರದೆ, ಯಾವ ಮೀನೂ ನಿಗದಿಯಾಗದ ಸಣ್ಣ ಕ್ಲಬ್ಬೊಂದನ್ನು ಆಯ್ದುಕೊಂಡೆ. ಮೀನು ನಿಗದಿಯಾಗದಿರಲು ಕಾರಣ ತತ್ತ್ವವಲ್ಲ, ಗೆಲುವಿನ ಅಭಾವ ಎಂಬುದು ತಿಳಿಯುವ ಹೊತ್ತಿಗೆ ಪ್ರೀತಿ ಕೂತುಬಿಟ್ಟಿತ್ತು.

ಆ ಪ್ರೀತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಬಿಮಲ್‌ದಾ ಅವರದು. ಅಂಚೆ ಕಚೇರಿಯಿಂದ ನಿವೃತ್ತರಾದ ಅವರು ನಲವತ್ತು ವರ್ಷಗಳಿಂದ ಮೈದಾನದ ಆ ಮರದ ಗ್ಯಾಲರಿಯ ಒಂದೇ ಹಲಗೆಯ ಮೇಲೆ ಕೂರುತ್ತ ಬಂದಿದ್ದಾರೆ. ಹನ್ನೊಂದು ವರ್ಷಗಳ ಹಿಂದೆ ಆ ಹಲಗೆಯಲ್ಲಿ ನನಗೂ ಒಂದು ಗೇಣು ಜಾಗ ಬಿಟ್ಟುಕೊಟ್ಟರು. ನನ್ನ ಬಂಗಾಳಿ ಭಾಷೆ ಅವರ ಕೊಡುಗೆ. ಅದರಲ್ಲೂ ರೆಫರಿಗಳನ್ನು ಕುರಿತ ಭಾಗ. ನನಗಿಂತ ಇಪ್ಪತ್ತು ವರ್ಷ ಹಿರಿಯರಾದರೂ ನನ್ನನ್ನು ಅವರು ಗೌರವದಿಂದ ಕರೆಯುವುದು ‘ಮಾಸ್ಟರ್‌ಮೊಶಾಯ್’, ಮೇಷ್ಟ್ರು ಮಹಾಶಯರೇ, ಎಂದೇ.

ಏಳು ಪಂದ್ಯಗಳಲ್ಲಿ ಒಂದೂ ಗೆಲ್ಲದೆ ಹೋದಾಗ ಬಿಮಲ್‌ದಾ ಒಂದು ಮಾತು ಹೇಳಿದರು: “ಕೆಳಗೆ ಇಳಿದರೆ ನನ್ನ ಆಟ ಮುಗಿಯಿತು, ಮಾಸ್ಟರ್‌ಮೊಶಾಯ್. ಆ ಡಿವಿಜನ್ನಿನ ಪಂದ್ಯಗಳನ್ನು ಊರಾಚೆ ಎಲ್ಲೆಲ್ಲೋ ಆಡಿಸುತ್ತಾರೆ. ಎರಡು ಬಸ್ಸು, ಒಂದು ಟೊಟೊ ರಿಕ್ಷಾ. ನನ್ನ ಮನಸ್ಸು ಬರುತ್ತದೆ, ಮೊಣಕಾಲು ಬರುವುದಿಲ್ಲ.”

ಪರವೂರಿನಲ್ಲಿ ಸಹೋದ್ಯೋಗಿಗಳು ಸಿಗುತ್ತಾರೆ, ನೆರೆಹೊರೆ ಸಿಗುತ್ತದೆ. ಪಕ್ಕದಲ್ಲಿ ಕುಳಿತು ಸುಮ್ಮನೆ ಜತೆಯಾಗಿ ಸೋಲುವವರು ಸಿಗುವುದು ಅಷ್ಟು ಸುಲಭವಲ್ಲ. ತಂಡ ಇಳಿದರೆ ನನ್ನ ಶನಿವಾರಗಳೂ ಇಳಿಯುತ್ತವೆ ಎಂದು ಅಂದೇ ಗೊತ್ತಾಯಿತು.

ಆದರೂ ನಿಜ ಹೇಳಬೇಕೆಂದರೆ, ಸೋಲು ಖಚಿತವಾಗಿದ್ದಷ್ಟು ದಿನ ನಾನು ಸುಖಿಯಾಗಿದ್ದೆ. ನಿರಾಶೆ ಹಳೆಯ ಚಪ್ಪಲಿಯಂತೆ, ಎಲ್ಲೂ ಕಚ್ಚುವುದಿಲ್ಲ. ತೊಂದರೆ ಆರಂಭವಾದದ್ದು ನಾವು ಗೆದ್ದಾಗ. ಪರೀಕ್ಷಾ ಮೇಲ್ವಿಚಾರಣೆಯ ಕಾರಣ ನಾನು ಹೋಗಲಾರದ ಒಂದು ಮಧ್ಯಾಹ್ನ ನಮ್ಮ ಹುಡುಗರು ಪಟ್ಟಿಯ ಮೂರನೆಯ ತಂಡವನ್ನು ಎರಡು ಗೋಲುಗಳಿಂದ ಸೋಲಿಸಿಬಿಟ್ಟರು. ಮುಂದಿನ ವಾರ ನಾನು ಓಡೋಡಿ ಹೋದೆ. ಗೋಲಿನಲ್ಲಿ ಮುಂದಿದ್ದ ನಮ್ಮವರು ಪಂದ್ಯವನ್ನು ಕೊನೆಯ ಐದು ನಿಮಿಷಗಳಲ್ಲಿ ಕೈಬಿಟ್ಟರು. ಅದರ ಮುಂದಿನ ಸಲ ನಾನು ಊರಂಚಿನ ಜೋಕಾದಲ್ಲಿ ಒಂದು ವಿಚಾರಸಂಕಿರಣದಲ್ಲಿ ಆಕಳಿಸುತ್ತಿದ್ದೆ, ಇಲ್ಲಿ ಗೆಲುವು. ಇನ್ನುಳಿದದ್ದು ಒಂದೇ ಪಂದ್ಯ. ಗೆದ್ದರೆ ಉಳಿದೆವು, ಇಲ್ಲವಾದರೆ ಇಲ್ಲ.

ಬಿಮಲ್‌ದಾ ಭಾಂಡ್, ಅಂದರೆ ಮಣ್ಣಿನ ಕುಡಿಕೆಯ ಚಹಾ ಕೈಗಿಟ್ಟು, ಗಂಟಲು ಸರಿಪಡಿಸಿಕೊಂಡರು.

“ತಪ್ಪು ತಿಳಿಯಬೇಡಿ. ನೀವು ಒಳ್ಳೆಯವರು, ವಿದ್ವಾಂಸರು. ಆದರೆ ನೀವು ಅಪಯಾ.”

ಕಾಲಿಟ್ಟಲ್ಲಿ ಕೆಡುಕು ತರುವವನು ಎಂದರ್ಥ. ನಾನು ವಿಶ್ವವಿದ್ಯಾಲಯದಲ್ಲಿ ಕಲಿತ ಸಮಸ್ತ ಸಂಶಯವಾದವನ್ನೂ ಅವರ ಮೇಲೆ ಸುರಿದೆ. ಮೂರು ಪಂದ್ಯಗಳಿಂದ ಸಿದ್ಧಾಂತ ಕಟ್ಟಲಾಗದು, ಕಾಕತಾಳೀಯಕ್ಕೂ ಕಾರಣಕ್ಕೂ ವ್ಯತ್ಯಾಸವಿದೆ, ಇತ್ಯಾದಿ. ಕೊನೆಗೆ ಬ್ರಹ್ಮಾಸ್ತ್ರ ತೆಗೆದೆ: ಆರು ವರ್ಷಗಳ ಹಿಂದೆ, ಜಡಿಮಳೆಯಲ್ಲಿ, ನಮ್ಮ ದಪ್ಪ ಡಿಫೆಂಡರ್ ಕೆಸರಿನಲ್ಲಿ ಜಾರಿಕೊಂಡೇ ಬಂದು ಹೆಡ್ ಮಾಡಿ ಗೆಲ್ಲಿಸಿದ ಪಂದ್ಯ! ಅವನ ಹಣೆಯ ಮೇಲೆ ಉಳಿದಿದ್ದ ಕೆಸರಿನ ದುಂಡು ಗುರುತು ಇಂದಿಗೂ ನನ್ನ ಕಣ್ಣ ಮುಂದಿದೆ. ಅಂದು ನಾನು ನಿಮ್ಮ ಪಕ್ಕದಲ್ಲೇ ಇರಲಿಲ್ಲವೇ ಎಂದು ಕೇಳಿದೆ.

“ಇರಲಿಲ್ಲ,” ಎಂದರು ಬಿಮಲ್‌ದಾ, ವೈದ್ಯರು ಕೆಟ್ಟ ಸುದ್ದಿ ಹೇಳುವಷ್ಟು ಮೃದುವಾಗಿ. “ಮರುದಿನ ನಿಮ್ಮ ಮನೆಗೆ ಬಂದು ನಾನೇ ಹೇಳಿದೆನಲ್ಲ.”

ಮನೆಗೆ ಬಂದವನೇ ಹೆಂಡತಿಯ ಎದುರು ದೂರಿಟ್ಟೆ. ಸವಿತಾ ರೊಟ್ಟಿ ತಟ್ಟುವುದನ್ನು ನಿಲ್ಲಿಸದೆ ತೀರ್ಪು ಕೊಟ್ಟಳು: “ಆವತ್ತ ನೀವೆಲ್ಲಿ ಹೋಗಿದ್ರಿ? ಮಗಳಿಗೆ ಅಮ್ಮ ಆಗಿತ್ತಲ್ರೀ. ಬೇವಿನ ಸೊಪ್ಪು ತರತೀನಿ ಅಂತ ಬಾಲಿಗಂಜ್ ಪ್ಯಾಟಿಗೆ ಹೋಗಿ ಕರಿಬೇವು ತಂದಿದ್ರಿ. ಅದು ನೆನಪಿಲ್ಲ, ಯಾರದೋ ಹಣಿಮ್ಯಾಲಿನ ರಾಡಿ ನೆನಪೈತಿ!”

ಒಬ್ಬನೇ ಸಾಕ್ಷಿಯ ಮಾತನ್ನು ನಂಬಬೇಡಿ, ಅವನು ಸುಳ್ಳನಾಗಿರಬೇಕಿಲ್ಲ, ಕಥೆ ಕೇಳಿದವನಾಗಿದ್ದರೂ ಸಾಕು ಎಂದು ಪ್ರತಿವರ್ಷ ತರಗತಿಯಲ್ಲಿ ಹೇಳುವವನು ನಾನು. ಈಗ ಹನ್ನೊಂದು ವರ್ಷಗಳ ಗೆಲುವುಗಳನ್ನು ಒಂದೊಂದಾಗಿ ಕರೆದು ವಿಚಾರಣೆ ಮಾಡಿದೆ. ಯಾವುದನ್ನು ಕಂಡಿದ್ದೆ, ಯಾವುದನ್ನು ಕೇಳಿದ್ದೆ? ಸೋಲುಗಳೆಲ್ಲ ನಿಸ್ಸಂದೇಹವಾಗಿ ನನ್ನವೇ; ಗೆಲುವುಗಳು ಮಾತ್ರ ಬಿಮಲ್‌ದಾ ದನಿಯಲ್ಲಿ ಬರುತ್ತಿದ್ದವು. ನಾನು ಅಪಶಕುನವನ್ನು ನಂಬಲಿಲ್ಲ. ಆದರೆ ಅದನ್ನು ಅಲ್ಲಗಳೆಯಲು ಬೇಕಾದ ನನ್ನ ನೆನಪನ್ನೂ ನಂಬದಾದೆ. ಇಂಥ ಸಂದರ್ಭದಲ್ಲಿ ವಿವೇಕಿಯಾದವನು ಏನು ಮಾಡುತ್ತಾನೋ ತಿಳಿಯದು. ನಾನು ಕೊನೆಯ ಪಂದ್ಯಕ್ಕೆ ಗ್ಯಾಲರಿಯ ಒಳಗೆ ಹೋಗುವುದಿಲ್ಲ ಎಂದು ಬಿಮಲ್‌ದಾಗೆ ಮಾತು ಕೊಟ್ಟೆ.

ಮನೆಯಲ್ಲಿ ಕೂರುವುದು ಮಾತ್ರ ಆಗಲಿಲ್ಲ. ಆಟೊ ಹಿಡಿದು, ಮೆಟ್ರೊ ಹತ್ತಿ ಮೈದಾನಕ್ಕೆ ಹೋಗಿ, ಗ್ಯಾಲರಿಯ ಹಿಂದಿನ ಚಹಾದಂಗಡಿಯ ಬೆಂಚಿನ ಮೇಲೆ ಆಟಕ್ಕೆ ಬೆನ್ನು ಮಾಡಿ ಕೂತೆ. ಶಬ್ದ ಕೇಳಿಸುತ್ತದೆ, ಅರ್ಥ ಕೇಳಿಸುವುದಿಲ್ಲ. ನೆಲಕ್ಕೆ ಬಿದ್ದವನನ್ನು ಕಂಡು ಎದ್ದ ‘ಹೋ’ ಯಾವುದು, ಗುರಿ ತಪ್ಪಿದ ಚೆಂಡಿನ ‘ಹೋ’ ಯಾವುದು ಎಂದು ಊಹಿಸುತ್ತ ಮೂರು ಭಾಂಡ್ ಚಹಾ ಕುಡಿದೆ. ಅರ್ಧ ಆಟ ಮುಗಿದು ಇಪ್ಪತ್ತು ನಿಮಿಷವಾಗಿರಬಹುದು. ಬೆಂಚಿನ ಇನ್ನೊಂದು ತುದಿ ಕಿರ್ ಎಂದಿತು. ನೋಡಿದರೆ ಬಿಮಲ್‌ದಾ, ಮೊಣಕಾಲು ನೀವಿಕೊಳ್ಳುತ್ತಿದ್ದಾರೆ.

“ಏನಾಯಿತು?”

“ಇನ್ನೂ ಸೊನ್ನೆ-ಸೊನ್ನೆ. ನೀವಿಲ್ಲದೆಯೂ ಗೋಲು ಬರಲಿಲ್ಲ.” ಅವರು ನನ್ನ ಮುಖ ನೋಡಲಿಲ್ಲ. “ಆಗ ಯೋಚನೆ ಬಂತು. ನಲವತ್ತು ವರ್ಷದಿಂದ ಈ ತಂಡ ಯದ್ವಾತದ್ವಾ ಸೋತಿದೆ. ನೀವು ಬಂದದ್ದು ಹನ್ನೊಂದು ವರ್ಷದ ಹಿಂದೆ. ಹಾಗಿದ್ದರೆ ಅದಕ್ಕೂ ಮೊದಲು ಅಪಯಾ ಯಾರು?”

ತರ್ಕ ನಿರ್ದುಷ್ಟವಾಗಿತ್ತು. ನನ್ನ ವಿದ್ಯಾರ್ಥಿಗಳಲ್ಲಿ ಯಾರಾದರೂ ಹೀಗೆ ವಾದಿಸಿದ್ದರೆ ಬೆನ್ನು ತಟ್ಟುತ್ತಿದ್ದೆ. ನಲವತ್ತು ವರ್ಷಗಳಲ್ಲಿ ಒಮ್ಮೆಯೂ ನಡುವೆ ಎದ್ದು ಬರದ ಮನುಷ್ಯ, ಬಹುಶಃ ತಾನು ನೋಡಬಹುದಾದ ಕೊನೆಯ ಪಂದ್ಯದಿಂದ, ತಂಡ ಗೆಲ್ಲಲೆಂದು ಎದ್ದು ಬಂದಿದ್ದರು. ನಾನು ಇನ್ನೆರಡು ಚಹಾ ಹೇಳಿದೆ. ಇಬ್ಬರೂ ಎದುರಿನ ರಸ್ತೆಯ ಬಸ್ಸುಗಳನ್ನು ಭಾರೀ ಆಸಕ್ತಿಯಿಂದ ನೋಡತೊಡಗಿದೆವು.

ಆಗ ಬೆನ್ನ ಹಿಂದೆ ಗ್ಯಾಲರಿ ಸ್ಫೋಟಿಸಿತು. ಹಲಗೆಗಳು ದಡದಡ ಕುಣಿದವು. ನಮ್ಮವರದೋ, ಅವರದೋ? ಬಿಮಲ್‌ದಾ ನನ್ನ ಮಣಿಕಟ್ಟು ಹಿಡಿದರು. “ತಿರುಗಬೇಡಿ,” ಎಂದರು. “ಮುಗಿಯುವವರೆಗೆ ತಿರುಗಬೇಡಿ.” ಕೊನೆಯ ಸೀಟಿ ಊದುವವರೆಗೂ ಆ ಹಿಡಿತ ಸಡಿಲವಾಗಲಿಲ್ಲ. ಆಮೇಲೆ ನಮ್ಮ ಕಂದು-ಹಳದಿ ಜೆರ್ಸಿ ತೊಟ್ಟ ಅಪರಿಚಿತನೊಬ್ಬ ಹೊರಗೆ ಓಡಿಬಂದು, ಚಹಾದಂಗಡಿಯವನನ್ನು ತಬ್ಬಿಕೊಂಡು, “ಒಂದು-ಸೊನ್ನೆ! ಉಳಿದುಬಿಟ್ಟೆವು!” ಎಂದು ಕೂಗಿದ. ಬಿಮಲ್‌ದಾ ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

ಇದಾಗಿ ಎರಡು ವಾರಗಳ ಮೇಲೆ ಕ್ಲಬ್ಬಿನ ಟೆಂಟಿನಲ್ಲಿ ಒಂದು ಸಣ್ಣ ಸತ್ಕಾರವಿತ್ತು. ಆ ಪಂದ್ಯ ತಪ್ಪಿಸಿಕೊಂಡಿದ್ದ ಹಳೆಯ ಸದಸ್ಯರೊಬ್ಬರು ಗೋಲಿನ ವಿವರ ಕೇಳಿದರು. ಬಿಮಲ್‌ದಾ ಎದ್ದು ನಿಂತೇ ವರ್ಣಿಸಿದರು: ಬಲಗಡೆಯಿಂದ ಬಂದ ಚೆಂಡು, ಇಬ್ಬರು ಡಿಫೆಂಡರುಗಳ ನಡುವೆ ನಮ್ಮ ಹನ್ನೊಂದನೆಯ ನಂಬರಿನ ಹುಡುಗ, ಎಡಗಾಲಿನ ಹೊಡೆತ.

“ಎಡಗಾಲೇ?” ಆ ಸದಸ್ಯರಿಗೆ ಅನುಮಾನ. “ಅವನು ಎಡಗಾಲಿನಲ್ಲಿ ಮೆಟ್ಟಿಲು ಸಹ ಹತ್ತುವುದಿಲ್ಲವಲ್ಲ!”

“ಮಾಸ್ಟರ್‌ಮೊಶಾಯ್ ಅವರನ್ನು ಕೇಳಿ. ನನ್ನ ಪಕ್ಕದಲ್ಲೇ ಇದ್ದರು.”

ಮಾತು ಸುಳ್ಳಲ್ಲ, ಪಕ್ಕದಲ್ಲೇ ಇದ್ದೆ. ಎಲ್ಲರೂ ನನ್ನತ್ತ ತಿರುಗಿದರು. ಸಾಕ್ಷ್ಯದ ವಿಷಯವಾಗಿ ಇಷ್ಟು ವರ್ಷ ನಾನು ಹೇಳಿದ ಪಾಠಗಳೆಲ್ಲ ಒಮ್ಮೆ ಎದ್ದು ನಿಂತು, ನನ್ನ ಮುಖ ನೋಡಿ, ಮರ್ಯಾದೆಯಿಂದ ಕುಳಿತುಕೊಂಡವು.

“ಎಡಗಾಲೇ,” ಎಂದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಆ ಗೋಲು ನನಗೆ ಸ್ಪಷ್ಟವಾಗಿ ಕಾಣಿಸುತ್ತಿತ್ತು. “ಕಂಬದ ಒಳಬದಿಗೆ ತಾಗಿ ಒಳಗೆ ಹೋಯಿತು.”

ಬಿಮಲ್‌ದಾ ನನ್ನನ್ನೇ ದಿಟ್ಟಿಸಿದರು. ಅವರ ಹಣೆಯಲ್ಲಿ ಒಂದು ಗೆರೆ ಮೂಡಿತು, ನಿಧಾನವಾಗಿ ಅಳಿಸಿಹೋಯಿತು.

“ಹೌದಲ್ಲ!” ಎಂದರು, ತೊಡೆ ತಟ್ಟಿಕೊಂಡು. “ಕಂಬಕ್ಕೆ ತಾಗಿದ್ದು ನನಗೆ ಮರೆತೇಹೋಗಿತ್ತು.”