ಸೂಗಮ್ಮನವರೂ ನಮ್ಮ ಫೈಜಾನನೂ

ದುಡಿಯುವ ತಾಯಂದಿರ ಮಕ್ಕಳನ್ನು ಹಗಲೆಲ್ಲ ಜೋಪಾನ ಮಾಡುವ ಕೆಲಸಕ್ಕೆ ಕಲಬುರಗಿ ಭಾಗದಲ್ಲಿ ಘನತೆ ತಂದುಕೊಟ್ಟವರು ಯಾರೆಂದು ಕೇಳಿದರೆ, ನನ್ನ ಬಾಯಿಗೆ ಮೊದಲು ಬರುವ ಹೆಸರು ಶ್ರೀಮತಿ ಸೂಗಮ್ಮನವರದು. ಈ ತಿಂಗಳು ನಿವೃತ್ತರಾಗುತ್ತಿರುವ ಅವರ ಕುರಿತು ಬರೆಯಿರೆಂದು ಸಂಪಾದಕರು ಕೇಳಿದಾಗ ನನಗಾದ ಸಂಭ್ರಮ ಅಷ್ಟಿಷ್ಟಲ್ಲ.

ಕಲಬುರಗಿಯ ನೆಹರು ಗಂಜ್ ಮಾರುಕಟ್ಟೆಯ ಬೇಳೆ ಗಿರಣಿಗಳ ಹೆಣ್ಣಾಳುಗಳಿಗಾಗಿ ನಮ್ಮ ಸಂಸ್ಥೆ ತೆರೆದ ಶಿಶುಪಾಲನಾ ಕೇಂದ್ರದಲ್ಲಿ ಅವರ ಸೇವೆ ಆರಂಭವಾಯಿತು. ಸಂಜೆ ತೊಗರಿ ಧೂಳು ಮೆತ್ತಿಕೊಂಡು ಬರುವ ತಾಯಿಗೆ ಮೊದಲು ಕೈಕಾಲು ತೊಳೆಯಲು ನೀರು, ಆಮೇಲೆ ಒಂದು ಲೋಟ ಚಹಾ, ಅನಂತರವೇ ಕೂಸು. "ದಣಿದ ಕೈಯಾಗ ಕೂಸು ಕೊಡಬಾರದ್ರಿ" ಎನ್ನುತ್ತಿದ್ದರು. ಅವರ ಕೈಕೆಳಗೆ ಕೆಲಸ ಕಲಿತ ನಾನು, ಕಮಲಾಪುರದ ಹೊಸ ಕೇಂದ್ರಕ್ಕೆ ಅವರು ಮೇಲ್ವಿಚಾರಕಿಯಾಗಿ ಹೊರಟಾಗ ಬೆನ್ನು ಹತ್ತಿ ಹೋದೆ.

ಅಲ್ಲಿ ನಮಗೆ ಸಿಕ್ಕ ಸಹಾಯಕ ಫೈಜಾನ್. ಪೊಲೀಸ್ ಕಾನ್‌ಸ್ಟೆಬಲ್ ಆಗುವ ಕನಸಿನ ಹುಡುಗ. ಆ ನೌಕರಿ ಸಿಗುವ ತನಕ ಕಾಲ ತಳ್ಳಲು ನಮ್ಮಲ್ಲಿಗೆ ಬಂದಿದ್ದ. ಮಕ್ಕಳು ಕಿರುಚುತ್ತಿದ್ದರೂ ಗೋಡೆಗೊರಗಿ ಮೊಬೈಲ್ ತಿಕ್ಕುತ್ತಿದ್ದ. ತೊಟ್ಟಿಲು ತೂಗೆಂದರೆ ಮಹಾರಾಯ ಕಾಲಿನಿಂದ ತೂಗುವನು! ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಆಡಳಿತ ಮಂಡಳಿಯೂ ತಿಂಗಳ ಕೊನೆಗೆ ಅವನನ್ನು ಬಿಡಿಸುವ ವಿಚಾರದಲ್ಲಿತ್ತು. ಅಡ್ಡ ನಿಂತವರು ಸೂಗಮ್ಮನವರೊಬ್ಬರೇ. "ಹುಡುಗ ಕೆಟ್ಟಾಂವ ಅಲ್ರಿ. ಕೆಲಸ ಇನ್ನಾ ಮೈಗಿ ಹತ್ತಿಲ್ಲ, ಅಷ್ಟ" ಎಂದು ಇನ್ನೊಂದು ತಿಂಗಳ ಗಡುವು ಪಡೆದರು.

ಅದೇ ದಿನಗಳಲ್ಲಿ ಬಸ್ ನಿಲ್ದಾಣದೆದುರು ಕೆಂಪು ಬಾಳೆಹಣ್ಣು ಮಾರುವ ಸಾಬಮ್ಮನ ಕೂಸು ನಮ್ಮಲ್ಲಿಗೆ ಬಂತು. ಊಟವಾದ ಮೇಲೆ ಕಿಟಕಿ ಬಾಗಿಲು ಮುಚ್ಚಿ, ಪಿಸುಮಾತಿನಲ್ಲೇ ಎಲ್ಲರನ್ನೂ ಮಲಗಿಸುವುದು ನಮ್ಮ ಪದ್ಧತಿ. ಉಳಿದ ಮಕ್ಕಳು ಮಲಗುತ್ತಿದ್ದವು. ಇದು ಮಾತ್ರ ಅತ್ತು ಅತ್ತು ನೀಲಿಯಾಗುತ್ತಿತ್ತು. ಹೀಗೇ ಆದರೆ ಕೂಸನ್ನು ಮತ್ತೆ ಬಿಸಿಲಿಗೇ ಒಯ್ಯುತ್ತೇನೆಂದು ಸಾಬಮ್ಮ ಕಣ್ಣೀರು ಹಾಕಿದ್ದಳು.

ಒಂದು ಮಧ್ಯಾಹ್ನ ಸೂಗಮ್ಮನವರು ಆ ಕೂಸನ್ನು ತಂದು ಫೈಜಾನನ ತೊಡೆಯ ಮೇಲಿಟ್ಟರು. "ತಮ್ಮಾ, ಇವತ್ತ ಇದು ನಿಂದು. ಏನರ ಮಾಡು, ಮಲಗ್ಸು."

ಹುಡುಗನಿಗೆ ಜೋಗುಳ ಎಲ್ಲಿಂದ ಬರಬೇಕು? ಈ ನೌಕರಿಗೆ ಮುಂಚೆ ಅದೇ ನಿಲ್ದಾಣದಲ್ಲಿ ಜೀಪುಗಳಿಗೆ ಜನರನ್ನು ಕೂಗಿ ಕರೆಯುತ್ತಿದ್ದವನು. ಬೇಸತ್ತು ಅದನ್ನೇ ಶುರು ಮಾಡಿದ: "ಹುಮನಾಬಾದ್, ಹುಮನಾಬಾದ್, ಹುಮನಾಬಾದ್! ಬರ್ರಿ ಬರ್ರಿ, ಜಾಗ ಅದ!" ಮಲಗಿದ ಮಕ್ಕಳೆಲ್ಲ ಎದ್ದಾರೆಂದು ನಾನು ಬೈಯಲು ಧಾವಿಸಿದರೆ, ಸೂಗಮ್ಮನವರು ನನ್ನ ಕೈ ಗಟ್ಟಿಯಾಗಿ ಹಿಡಿದು ನಿಲ್ಲಿಸಿದರು.

ಕೂಸು ಅಳು ನಿಲ್ಲಿಸಿ ಅವನ ಬಾಯಿಯನ್ನೇ ನೋಡುತ್ತಿತ್ತು! ಅವನು ದನಿ ಏರಿಸಿದ. ಅದರ ರೆಪ್ಪೆಗಳು ಇಳಿಯತೊಡಗಿದವು.

"ಮಲಗ್ಯದ! ಖರೇನ ಮಲಗ್ಯದ, ಅಕ್ಕೋರೆ!" ಎಂದ ಫೈಜಾನ್. ಮೊಬೈಲ್ ಹೊಡೆದುಕೊಳ್ಳುತ್ತಿದ್ದರೂ ಮುಟ್ಟಲಿಲ್ಲ. ಕಾಲು ಜೋಮು ಹಿಡಿದರೂ ಕದಲಲಿಲ್ಲ.

ಸಂಜೆ ಬಂದ ಸಾಬಮ್ಮ ನಗುತ್ತಲೇ ಅತ್ತಳು. "ಯವ್ವಾ, ಹುಟ್ಟಿದಾಗಿಂದ ಇದು ಬಾಳೆಹಣ್ಣಿನ ಬುಟ್ಟಿ ಬಾಜೂಕ, ಆ ಗದ್ದಲದಾಗ ಮಲಗಿದ ಕೂಸರಿ!" ನಮ್ಮ ನಿಶ್ಶಬ್ದವೇ ಅದನ್ನು ಹೆದರಿಸಿತ್ತು. ಮರುದಿನದಿಂದ ಸೂಗಮ್ಮನವರು ರಸ್ತೆಯ ಕಡೆಯ ಕಿಟಕಿ ತೆರೆಸಿದರು. ಆ ಕೂಸಿನ ಪೂರ್ಣ ಜವಾಬ್ದಾರಿ ಫೈಜಾನನಿಗೇ ಬಿಟ್ಟರು. ಒಂದು ಕೂಸು ನಾಲ್ಕಾಗಿ, ನಾಲ್ಕು ಹತ್ತಾದವು. ಗಡುವಿನ ದಿನ ಮಂಡಳಿಯವರು ಬಂದಾಗ ಅವನ ಎರಡೂ ಹೆಗಲ ಮೇಲೆ ಮಕ್ಕಳಿದ್ದವು. ಅವರು ಬಿಡಿಸುವ ಮಾತನ್ನೇ ಎತ್ತಲಿಲ್ಲ.

ಈಗ ಕಮಲಾಪುರ ಕೇಂದ್ರದ ಹೊಣೆ ಅವನದೇ. ಕಳೆದ ವಾರ ಹೊಸದಾಗಿ ಸೇರಿದ ಹೀನಾ ಎಂಬ ಹುಡುಗಿ ದಿನವಿಡೀ ಮೊಬೈಲಿನಲ್ಲಿ ಮುಳುಗಿದ್ದು ಕಂಡು, ಮೇಲಿನವರಿಗೆ ಹೇಳೋಣವೇ ಎಂದೆ.

"ತಡೀರಿ ಮಲ್ಲಿಕಾ ಅಕ್ಕೋರೆ," ಎಂದ. "ಆಕಿಗಿ ಆಕಿ ಕೂಸು ಇನ್ನಾ ಸಿಕ್ಕಿಲ್ಲ."

ಸೂಗಮ್ಮನವರು ಆಯುರಾರೋಗ್ಯದಿಂದ ನೂರ್ಕಾಲ ಬಾಳಲಿ. ವಿಶ್ರಾಂತಿಯ ಮಾತನ್ನು ಮಾತ್ರ ಸದ್ಯ ಬದಿಗಿಟ್ಟು, ಆಗಾಗ ಕಮಲಾಪುರದ ಬಸ್ಸು ಹತ್ತಲಿ. ಹೀನಾಳ ತೊಡೆಯ ಮೇಲೆ ಯಾವ ಕೂಸನ್ನಿಡಬೇಕೆಂಬುದು ನಮಗಿನ್ನೂ ತಿಳಿದಿಲ್ಲ.